ಅಳತೆ ಗೊತ್ತಿದೆ, ಆಳು ಬೇಕು

ಯಲಹಂಕದ ಅಟ್ಟೂರು ಬಡಾವಣೆ ಬಳಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿ, 2007ರಲ್ಲಿ ಈಗಿನ ಹೆಸರು ಪಡೆದ ಸಂಸ್ಥೆ. ಗ್ರಾಮ ಪಂಚಾಯಿತಿಗಳಲ್ಲಿ ನೆಟ್ಟಿರುವ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಇಲ್ಲಿಗೆ ಲೆಕ್ಕ ಒಪ್ಪಿಸುತ್ತವೆ. ಬಿತ್ತನೆಗೆ ಮುಂಚೆ ರೈತರು ‘ವರುಣ ಮಿತ್ರ’ಕ್ಕೆ ಫೋನ್ ಮಾಡಿ ಮೋಡದ ಸುದ್ದಿ ಕೇಳುವುದೂ ಇಲ್ಲಿಂದಲೇ.

ಇದೇ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ 2021ರ ನವೆಂಬರಿನಲ್ಲಿ ಕೆರೆ ನೀರು ನುಗ್ಗಿತು. 2024ರ ಅಕ್ಟೋಬರಿನಲ್ಲಿ ಮತ್ತೆ ನುಗ್ಗಿತು. ಎರಡು ಸಲವೂ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ಮಳೆ ಎಷ್ಟು ಬಿತ್ತೆಂದು ನಾಡಿನಲ್ಲೇ ಎಲ್ಲರಿಗಿಂತ ಮೊದಲು ತಿಳಿಯುವ ಊರಿನಲ್ಲೇ ಈ ಪಾಡು. ರಾಜಕಾಲುವೆ, ಒತ್ತುವರಿಯ ಕಥೆ ಇದ್ದೇ ಇದೆ. ಅದನ್ನು ಬರೆಯುವವರೂ ಬಹಳ ಮಂದಿ ಇದ್ದಾರೆ. ನನ್ನ ಪ್ರಶ್ನೆ ಬೇರೆ. ಪರದೆಯ ಮೇಲೆ ಮಳೆಯ ಅಂಕಿ ಏರುವುದಕ್ಕೂ ಗೇಟಿನೊಳಗೆ ದೋಣಿ ಇಳಿಯುವುದಕ್ಕೂ ನಡುವೆ ಯಾರಿರುತ್ತಾರೆ? ಅವರಿಗೆ ಈ ಕೆಲಸ ಕಲಿಸಿದವರು ಯಾರು?

ಅಕ್ಟೋಬರ್ 22ರಂದು ಕೇಂದ್ರೀಯ ವಿಹಾರದಲ್ಲಿ ದೋಣಿಗಳು ಓಡಾಡುತ್ತಿದ್ದ ದಿನವೇ, ಹೆಣ್ಣೂರು ಸಮೀಪದ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಒಂಬತ್ತು ಜನ ಸತ್ತರು. ಇಂಥ ಕಡೆ ತರಬೇತಿ ಪಡೆದವರು ಅವಶೇಷಕ್ಕೆ ಕೈ ಹಾಕುವ ಮುನ್ನ ಕೇಳುವ ಮೊದಲ ಮಾತು, ‘ಒಳಗೆ ಎಷ್ಟು ಜನ ಇದ್ದರು?’ ಉತ್ತರ ಸಿಗದಿದ್ದರೆ ಎಲ್ಲಿ ಅಗೆಯಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಹಾಜರಿ ಪುಸ್ತಕವೇ ಇಲ್ಲದ ಕಾಮಗಾರಿಗಳಲ್ಲಿ ಆ ಉತ್ತರ ಮೇಸ್ತ್ರಿಯೊಬ್ಬನ ತಲೆಯಲ್ಲಿ ಮಾತ್ರ ಇರುತ್ತದೆ. ಅವನೂ ಅದೇ ಕಲ್ಲುಮಣ್ಣಿನಡಿ ಸಿಕ್ಕಿರಬಹುದು.

ಹೆಣ್ಣೂರಿನಿಂದ ಅದೇ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಬಾಗಲೂರು. ಅತ್ತ ವಿಮಾನ ನಿಲ್ದಾಣ, ಇತ್ತ ನಗರದ ಕಸ ತುಂಬಿದ ಹಳೇ ಕಲ್ಲುಕ್ವಾರಿಗಳು, ನಡುವೆ ಏರುತ್ತಿರುವ ಅಪಾರ್ಟ್‌ಮೆಂಟುಗಳು, ಅವನ್ನು ಕಟ್ಟುವವರ ತಗಡಿನ ಶೆಡ್ಡುಗಳು. ಶೆಡ್ಡಿನವರಲ್ಲಿ ಎಷ್ಟೋ ಜನರ ಪಡಿತರ ಚೀಟಿ, ಮತದಾರರ ಪಟ್ಟಿ ಎಲ್ಲ ಊರಲ್ಲಿ. 2020ರ ಲಾಕ್‌ಡೌನ್ ಈ ಲೆಕ್ಕವಿಲ್ಲದವರನ್ನು ಒಮ್ಮೆಲೇ ಬೀದಿಗೆ ತಂದು ನಿಲ್ಲಿಸಿತು. ಆ ಮೇ ತಿಂಗಳಲ್ಲಿ ಚಿಕ್ಕಬಾಣಾವರ, ಮಾಲೂರು ನಿಲ್ದಾಣಗಳಿಂದ ಶ್ರಮಿಕ ರೈಲುಗಳು ಹೊರಟವು. ನಡುವೆ ಸರ್ಕಾರ ರೈಲು ಬೇಡವೆಂದಿತು, ಟೀಕೆ ಬಂದ ಮೇಲೆ ಮತ್ತೆ ಬೇಕೆಂದಿತು. ಅನ್ನ ಹಂಚಲು ಬೆಂಗಳೂರಿನಲ್ಲಿ ಕೈಗಳಿಗೆ ಬರವಿರಲಿಲ್ಲ. ಯಾವ ಶೆಡ್ಡಿನಲ್ಲಿ ಎಷ್ಟು ಜನ, ಯಾವ ಜಿಲ್ಲೆಯವರು ಎಂಬ ಪಟ್ಟಿಗೆ ಮಾತ್ರ ಬರವಿತ್ತು.

ಪರಿಹಾರ ಕಾರ್ಯ ಎಂದರೆ ನಮಗೆ ಇಂದಿಗೂ ಲಾರಿ ತುಂಬಾ ಬಟ್ಟೆಯ ಮೂಟೆ. 2009ರ ಉತ್ತರ ಕರ್ನಾಟಕದ ನೆರೆಯಿರಲಿ, 2018ರ ಕೊಡಗಿರಲಿ, ಜನರ ಔದಾರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಕಸುಬು ಕಲಿತವರು ಲೆಕ್ಕ ಹಾಕುವ ರೀತಿಯೇ ಬೇರೆ. 1997ರಲ್ಲಿ ಸ್ವಯಂಸೇವಾ ಸಂಸ್ಥೆಗಳು ಮತ್ತು ರೆಡ್‌ಕ್ರಾಸ್ ಬಳಗ ಸೇರಿ ಆರಂಭಿಸಿದ ‘ಸ್ಫಿಯರ್’ ಯೋಜನೆಯ ಕೈಪಿಡಿಯಲ್ಲಿ ಅದಕ್ಕೆ ಕನಿಷ್ಠ ಮಾನದಂಡಗಳಿವೆ: ತಲೆಗೆ ದಿನಕ್ಕೆ 15 ಲೀಟರ್ ನೀರು, 3.5 ಚದರ ಮೀಟರ್ ಸೂರು, 20 ಜನಕ್ಕೊಂದು ಶೌಚಾಲಯ. ಇನ್ನೂರು ಜನರನ್ನು ಒಂದು ಸರ್ಕಾರಿ ಶಾಲೆಗೆ ತಂದಿರಿ ಎನ್ನೋಣ. ನೀರು ಮೂರು ಸಾವಿರ ಲೀಟರ್, ಒಂದು ಟ್ಯಾಂಕರಿನಲ್ಲಿ ಮುಗಿಯಿತು. ಜಾಗ 700 ಚದರ ಮೀಟರ್. ಇಪ್ಪತ್ತಡಿಗೆ ಇಪ್ಪತ್ತಡಿ ಕೋಣೆಯಲ್ಲಿ ಹತ್ತೇ ಜನ, ಅಂದರೆ ಇಪ್ಪತ್ತು ಕೋಣೆ. ಶೌಚಾಲಯ ಹತ್ತು. ಹೋಬಳಿಯ ಯಾವ ಶಾಲೆಯಲ್ಲಿದೆ ಇಷ್ಟು? ಕಾಳಜಿ ಕೇಂದ್ರ ಎಲ್ಲಿ ತೆರೆಯಬೇಕೆಂಬ ಪ್ರಶ್ನೆಯನ್ನು ಏಪ್ರಿಲ್‌ನಲ್ಲೇ ಕೂತು ಬಿಡಿಸಬೇಕು. ಆಗಸ್ಟಿನ ನಡುರಾತ್ರಿ ಕೈಗೆ ಸಿಗುವುದು ಯಾವ ಬೀಗದ ಕೀಲಿಯೋ ಅದೇ ಕೇಂದ್ರ.

2005ರ ವಿಪತ್ತು ನಿರ್ವಹಣಾ ಕಾಯ್ದೆ ಜಿಲ್ಲೆಯ ಹೊಣೆಯನ್ನು ಜಿಲ್ಲಾಧಿಕಾರಿಗೆ ಕೊಟ್ಟಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಹೊರಡಿಸಿದ ಮಾರ್ಗಸೂಚಿ ಇನ್ನೂ ಸ್ಪಷ್ಟ: ಘಟನೆಗೊಬ್ಬ ಕಮಾಂಡರ್, ಅವರ ಕೆಳಗೆ ಕಾರ್ಯಾಚರಣೆ, ಯೋಜನೆ, ಸರಬರಾಜು ನೋಡಿಕೊಳ್ಳಲು ಮೂರು ವಿಭಾಗ. ಈ ಮೂರರಲ್ಲಿ ಟಿವಿಯಲ್ಲಿ ಕಾಣುವುದು ಮೊದಲನೆಯದು ಮಾತ್ರ. ಎನ್‌ಡಿಆರ್‌ಎಫ್‌ನ ಕಿತ್ತಳೆ ಬಟ್ಟೆಯವರು ಆ ಕೆಲಸದಲ್ಲಿ ಪಳಗಿದವರು. ಆದರೆ ನೀರಿಳಿದ ಮೇಲೆ ಅವರು ಹೊರಡುತ್ತಾರೆ. ಉಳಿಯುವವರು ತಹಶೀಲ್ದಾರರು, ಗ್ರಾಮ ಆಡಳಿತ ಅಧಿಕಾರಿ, ಪಿಡಿಒ, ಆಶಾ ಕಾರ್ಯಕರ್ತೆ. ನಮ್ಮಲ್ಲಿ ಮಾನವೀಯ ನೆರವಿನ ವೃತ್ತಿಪರರು ಎಂದರೆ ಇವರೇ, ಹಾಗೆಂದು ಯಾರೂ ಕರೆಯದಿದ್ದರೂ.

ಇಂಥವರಿಗೆ ಕಲಿಸಬಹುದೆಂಬುದಕ್ಕೆ ಸಾಕ್ಷಿ ಬೆಂಗಳೂರಿನಲ್ಲೇ ಇದೆ. 1984ರ ಭೋಪಾಲ್ ಅನಿಲ ದುರಂತದ ನಂತರ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು ಅಲ್ಲಿನ ಸಾಮಾನ್ಯ ವೈದ್ಯರಿಗೆ ಸಂತ್ರಸ್ತರ ಮನಸ್ಸಿನ ಆರೈಕೆ ಕಲಿಸಿದರು. ಅಷ್ಟು ಜನಕ್ಕೆ ಸಾಲುವಷ್ಟು ಮನೋವೈದ್ಯರು ದೇಶದಲ್ಲೇ ಇರಲಿಲ್ಲ. ಒಡಿಶಾದ 1999ರ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಗಳ ಹೊತ್ತಿಗೆ ಈ ಪಾಠ ವೈದ್ಯರನ್ನೂ ದಾಟಿ ಸಮುದಾಯದ ಕಾರ್ಯಕರ್ತರ ತನಕ ಹರಡಿತ್ತು. ಎಲ್ಲ ಕಳೆದುಕೊಂಡವರ ಎದುರು ಕೂತು ಬಾಯಿ ಮುಚ್ಚಿ ಕೇಳಿಸಿಕೊಳ್ಳುವುದು, ‘ಹೋಗಲಿ ಬಿಡಿ, ಮರೆತುಬಿಡಿ’ ಎನ್ನದಿರುವುದು: ಇದೂ ಕಲಿತು ಬರುವ ವಿದ್ಯೆಯೇ. ಈಗ ನಿಮ್ಹಾನ್ಸ್‌ನಲ್ಲಿ ವಿಪತ್ತಿನ ಮನೋಸಾಮಾಜಿಕ ನೆರವಿಗೆಂದೇ ಪ್ರತ್ಯೇಕ ವಿಭಾಗವಿದೆ.

ಅಧಿಕಾರಿಗಳ ಪಾಠಕ್ಕೆ ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಇದೆ. ತೊಡಕು ಪಾಠದಲ್ಲಲ್ಲ, ವರ್ಗಾವಣೆಯಲ್ಲಿ. ಮೈಸೂರಿನಲ್ಲಿ ಕಲಿತು ಬಂದ ತಹಶೀಲ್ದಾರರು ಮುಂದಿನ ಮಳೆಗಾಲದ ಹೊತ್ತಿಗೆ ಇನ್ನೊಂದು ತಾಲ್ಲೂಕಿನಲ್ಲೋ ಭೂಸ್ವಾಧೀನದ ಕಚೇರಿಯಲ್ಲೋ ಇರುತ್ತಾರೆ. ಅವರ ಕುರ್ಚಿಗೆ ಬಂದವರು ಮೊದಲಿನಿಂದ ಶುರುಮಾಡಬೇಕು. ಹಾಗಾಗಿ ತರಬೇತಿಯನ್ನು ವ್ಯಕ್ತಿಗಿಂತ ಹೋಬಳಿಗೆ ಕಟ್ಟಿಹಾಕುವುದು ಲೇಸೆಂದು ನನಗನ್ನಿಸುತ್ತದೆ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಬಾಗಲೂರು ಸೇರುವ ಜಾಲ ಹೋಬಳಿಯ ಸಿಬ್ಬಂದಿಯನ್ನು ಒಂದು ದಿನ ಮೇಜಿನ ಸುತ್ತ ಕೂರಿಸಲಿ. ಯಲಹಂಕದ ಕೇಂದ್ರವೇ ಒಂದು ಹಳೆಯ ಮಳೆಯ ರಾತ್ರಿಯ ಅಂಕಿಗಳನ್ನು ಹದಿನೈದು ನಿಮಿಷದ ಕಂತುಗಳಲ್ಲಿ ಮುಂದಿಡಲಿ. ಯಾವ ಕಂತಿನಲ್ಲಿ ಯಾರು ಯಾರಿಗೆ ಫೋನ್ ಮಾಡುತ್ತಾರೆ, ಶಾಲೆಯ ಕೀಲಿ ಯಾರ ಬಳಿ, ಕ್ವಾರಿ ಪಕ್ಕದ ಶೆಡ್ಡುಗಳಲ್ಲಿ ಎಷ್ಟು ತಲೆ ಎಂದು ಕೇಳುತ್ತಾ ಹೋಗಲಿ. ಕೊನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಮಾರನೆಯ ದಿನ ಹೋಗಿ ಎಣಿಸಿಕೊಂಡು ಬರುವುದೇ ಆ ವರ್ಷದ ಮೊದಲ ಕೆಲಸ.