ಬೆಕ್ಕಿನ ಮೈಯೂ ಅದರ ನಾಲಗೆಯೂ

ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಬತ್ತ ಕಬ್ಬುಗಳು ಹುಲುಸಾಗಿ ಬೆಳೆಯುವ ಶ್ರೀರಂಗಪಟ್ಟಣ ಪಾಂಡವಪುರಗಳ ಬಯಲಿನಲ್ಲಾಗಲಿ, ಹೇಮಾವತಿಯ ನೀರುಣ್ಣುವ ಕೃಷ್ಣರಾಜಪೇಟೆಯ ಸೀಮೆಯಲ್ಲಾಗಲಿ, ಮಳೆಯನ್ನೇ ನೆಚ್ಚಿ ರಾಗಿ ಹುರುಳಿಗಳನ್ನು ಬಿತ್ತುವ ನಾಗಮಂಗಲದ ದಿಣ್ಣೆಗಳಲ್ಲಾಗಲಿ, ಧಾನ್ಯವಿದ್ದ ಮನೆಯಲ್ಲೆಲ್ಲ ಇಲಿಯುಂಟು. ಇಲಿಯಿದ್ದ ಮನೆಯಲ್ಲಿ ಬೆಕ್ಕೂ ಉಂಟು. ಸಂಕ್ರಾಂತಿಯ ದಿನ ಎತ್ತುಗಳ ಮೈ ತಿಕ್ಕಿ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆಗೆ ಕಿಚ್ಚು ಹಾಯಿಸುವ ಇಲ್ಲಿಯ ಜನರು ಬೆಕ್ಕಿನ ಮೈಯ ವಿಚಾರ ಬಂದಾಗ ಮಾತ್ರ, ‘ಅದೇ ನೆಕ್ಕೊಳ್ತದೆ ಬಿಡಿ’ ಎಂದು ನಿಶ್ಚಿಂತರಾಗಿರುವರು. ಆ ಮಾತು ಬಹುಮಟ್ಟಿಗೆ ದಿಟವೇ. ಆದರೆ ಬೆಕ್ಕಿಗೆ ಒದಗುವ ಅಪಾಯದ ಮೂಲವೂ ಅದೇ.

ಬೆಕ್ಕಿನ ನಾಲಗೆಯ ಮೇಲೆ ಗಂಟಲಿನ ಕಡೆಗೆ ಬಾಗಿದ ನೂರಾರು ಸೂಕ್ಷ್ಮವಾದ ಮುಳ್ಳುಗಳಿವೆ. ನಮ್ಮ ಉಗುರು ಯಾವ ದ್ರವ್ಯದಿಂದಾದುದೋ ಆ ಕೆರಟಿನ್ನಿನಿಂದಲೇ ಅವೂ ಆದವು. ಈ ಮುಳ್ಳುಗಳ ತುದಿ ಪೊಳ್ಳಾಗಿದ್ದು, ಜೊಲ್ಲನ್ನು ಹೀರಿಟ್ಟುಕೊಂಡು ರೋಮದ ಬುಡದವರೆಗೂ ತಲುಪಿಸುತ್ತವೆಂಬುದನ್ನು ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಸಂಶೋಧಕರು 2018ರಲ್ಲಿ ಪ್ರಕಟಿಸಿದರು. ಎಚ್ಚರವಿರುವ ಕಾಲದ ಸುಮಾರು ಕಾಲುಭಾಗವನ್ನು ಈ ಪ್ರಾಣಿಯು ಮೈ ನೆಕ್ಕಿಕೊಳ್ಳುವುದರಲ್ಲಿಯೇ ಕಳೆಯುತ್ತದೆ; ಹಾಗೆ ಹಚ್ಚಿದ ಜೊಲ್ಲು ಆರುವಾಗ ಬೇಸಗೆಯಲ್ಲಿ ಮೈ ತಂಪಾಗುವುದೂ ಉಂಟು. ಆದರೆ ಮುಳ್ಳುಗಳು ಒಳಮುಖವಾಗಿರುವ ಕಾರಣ ನಾಲಗೆಗೆ ಸಿಕ್ಕಿದ ಕೂದಲಾಗಲಿ ಧೂಳಾಗಲಿ ಹೆಚ್ಚಿನಂಶ ಹೊಟ್ಟೆಯನ್ನೇ ಸೇರುವುದು. ಆದುದರಿಂದ ಬೆಕ್ಕಿಗೆ ತಿನ್ನಲು ಕೊಡಬಾರದ ಯಾವ ವಸ್ತುವನ್ನೂ ಅದರ ಮೈಗೆ ಹಚ್ಚಬಾರದು. ಮನೆಯಲ್ಲಿ ಬೆಕ್ಕಿನ ಮೈ ನೋಡಿಕೊಳ್ಳುವ ವಿದ್ಯೆಯೆಲ್ಲ ಈ ಒಂದು ನಿಯಮದ ಮೇಲೆ ನಿಂತಿದೆ.

ಇಲ್ಲಿಯ ಬೆಕ್ಕು ಗದ್ದೆಯ ಬದುವಿನಿಂದ ಬರುವಾಗ ಹೊಟ್ಟೆಯಡಿಯ ಕೂದಲಿಗೆ ಉತ್ತರಾಣಿಯ ಬೀಜಗಳನ್ನು ಅಂಟಿಸಿಕೊಂಡು ಬರುತ್ತದೆ. ಆಲೆಮನೆಯ ಒಲೆಯ ಬಳಿ ಬೆಚ್ಚಗೆ ಮಲಗಿ, ಬೂದಿಯನ್ನೂ ಬೆಲ್ಲದ ಪಾಕದ ಅಂಟನ್ನೂ ಮೈಗೆ ಬಳಿದುಕೊಳ್ಳುತ್ತದೆ. ಟ್ರ್ಯಾಕ್ಟರಿನ ಅಡಿಯಲ್ಲಿ ನುಸುಳಿ ಗ್ರೀಸನ್ನು ಹತ್ತಿಸಿಕೊಳ್ಳುತ್ತದೆ. ಬೆಲ್ಲದ ಅಂಟು ಉಗುರುಬೆಚ್ಚನೆಯ ನೀರಿನ ಬಟ್ಟೆಗೆ ಬಿಡುವುದು. ಗ್ರೀಸಿಗೆ ಅಡುಗೆಯ ಎಣ್ಣೆಯನ್ನು ಸವರಿ ಸಡಿಲಿಸಿ, ಬೆಕ್ಕಿಗೆಂದೇ ಮಾಡಿದ ಶಾಂಪೂ ಹಾಕಿ ತೊಳೆದು, ಅಂಶವಿಲ್ಲದಂತೆ ಒರೆಸಬೇಕು. ಸೀಮೆಎಣ್ಣೆಯಿಂದ ಒರೆಸುವವರಿದ್ದಾರೆ, ಅದು ಚರ್ಮವನ್ನು ಸುಡುವುದಲ್ಲದೆ, ನೆಕ್ಕಿದಾಗ ಶ್ವಾಸಕೋಶಕ್ಕೂ ಇಳಿದು ಪ್ರಾಣಕ್ಕೆ ಎರವಾಗಬಲ್ಲದು. ನೆಲ ಒರೆಸುವ ಫಿನೈಲು ಇನ್ನೂ ಘೋರ. ಫಿನಾಲು ಜಾತಿಯ ದ್ರವ್ಯಗಳನ್ನು ಒಡೆದು ಹೊರಹಾಕುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ಬಹಳ ಕಡಮೆ. ನಮ್ಮ ಜ್ವರದ ಪ್ಯಾರಾಸಿಟಮಾಲ್ ಗುಳಿಗೆಯೂ ಅದಕ್ಕೆ ವಿಷವಾಗುವುದು ಬಹುಮಟ್ಟಿಗೆ ಇದೇ ಕಾರಣದಿಂದ. ನಾಯಿಯ ಉಣ್ಣೆಗೆಂದು ತಂದ ಔಷಧವನ್ನು ಬೆಕ್ಕಿಗೂ ಒಂದಿಷ್ಟು ಹಾಕಿಬಿಡುವ ಅಭ್ಯಾಸವಂತೂ ಸರ್ವಥಾ ನಿಲ್ಲಬೇಕು. ಅವುಗಳಲ್ಲಿ ಹಲವಕ್ಕೆ ಬೆರೆಸುವ ಪರ್ಮೆತ್ರಿನ್ ಎಂಬ ದ್ರವ್ಯದಿಂದ ಬೆಕ್ಕಿಗೆ ನಡುಕ ಹತ್ತಿ, ಸೆಳೆತ ಬಂದು, ಸಾವು ಸಂಭವಿಸಬಹುದು.

ಹಾಗಾದರೆ ಚಿಗಟಕ್ಕೆ ಏನುಪಾಯ? ಮೇಲುಕೋಟೆಯ ಬೆಟ್ಟದ ಕೆಳಗಿನ ಒಂದು ಹಳ್ಳಿಯಲ್ಲಿ, ಮೊಮ್ಮಗಳ ಹೇನು ತೆಗೆಯುವ ಸೀರಣಿಗೆಯಂಥದೇ ಇನ್ನೊಂದನ್ನು ಬೆಕ್ಕಿಗೆಂದು ಬೇರೆಯಾಗಿಟ್ಟುಕೊಂಡಿದ್ದ ಅಜ್ಜಿಯೊಬ್ಬರನ್ನು ಕಂಡೆ. ಜಗಲಿಯ ಮೇಲೆ ಕಾಲು ಚಾಚಿ ಕುಳಿತು, ಬೆಕ್ಕನ್ನು ತೊಡೆಯ ಮೇಲೆ ಹಾಕಿಕೊಂಡು, ‘ಸುಮ್ನಿರು ನನ್ ಕಂದ’ ಎನ್ನುತ್ತ, ಮೊದಲು ಕತ್ತಿನ ಹಿಂಬದಿ, ಆಮೇಲೆ ಬಾಲದ ಬುಡ, ಹೀಗೆ ಕೂದಲು ಮಲಗಿದ ದಿಕ್ಕಿನಲ್ಲಿಯೇ ಬಾಚಿ, ಪ್ರತಿ ಎಳೆತಕ್ಕೂ ಸೀರಣಿಗೆಯನ್ನು ಸೋಪಿನ ನೀರಿನ ಬಟ್ಟಲಿಗೆ ಅದ್ದುತ್ತಿದ್ದರು. ಚಿಗಟಗಳು ಹಾರಲಾರದೆ ಅಲ್ಲಿಯೇ ಮುಳುಗುತ್ತಿದ್ದವು. ಹಲ್ಲಿಗೆ ಸಿಕ್ಕಿದ ಕರಿಯ ನುಚ್ಚನ್ನು ಒದ್ದೆಯಾದ ಬಿಳಿಯ ಬಟ್ಟೆಗೆ ಒತ್ತಿದಾಗ ಕೆಂಗಂದು ಬಣ್ಣ ಹರಡಿತು. ಅದು ಬರಿಯ ಧೂಳಾಗಿದ್ದರೆ ಹಾಗೆ ಹರಡದು. ರಕ್ತ ಕುಡಿದ ಚಿಗಟದ ಹಿಕ್ಕೆಯೆಂಬುದಕ್ಕೆ ಇದಕ್ಕಿಂತ ಸುಲಭವಾದ ಪರೀಕ್ಷೆ ಇಲ್ಲ. ನೆಕ್ಕುವಾಗ ಚಿಗಟವನ್ನು ನುಂಗಿದ ಬೆಕ್ಕಿನ ಕರುಳಿನಲ್ಲಿ ಲಾಡಿಹುಳು ಬೆಳೆಯುವುದರಿಂದ, ಗುದದ ಸುತ್ತ ಅಕ್ಕಿಕಾಳಿನಂಥ ತುಣುಕುಗಳು ಕಂಡರೆ ಹುಳುವಿನ ಔಷಧವನ್ನೂ ಪಶುವೈದ್ಯರಿಂದ ಪಡೆಯಬೇಕು. ಮಲಗುವ ಗೋಣಿತಾಟನ್ನು ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕದಿದ್ದರೆ ಬಾಚಿದ ಶ್ರಮವೆಲ್ಲ ವ್ಯರ್ಥ.

ನಾಡಬೆಕ್ಕಿಗೆ ಸ್ನಾನ ಬೇಕಿಲ್ಲ. ವಾರಕ್ಕೊಮ್ಮೆ ಬಾಚಿದರೆ ಸಾಕು. ಪೇಟೆಯ ಮನೆಗಳಿಗೆ ಈಚೆಗೆ ಬಂದಿರುವ ಪರ್ಷಿಯನ್ ಬೆಕ್ಕಿನ ನೀಳ್ಗೂದಲಾದರೋ ದಿನವೂ ಬಾಚದಿದ್ದರೆ ಕಂಕುಳಿನಲ್ಲಿಯೂ ಕಿವಿಯ ಹಿಂದೆಯೂ ಗಂಟುಗಟ್ಟುವುದು. ಆ ಗಂಟಿಗೆ ಕತ್ತರಿ ಹಾಕಬೇಡಿ, ಬೆಕ್ಕಿನ ತೆಳ್ಳನೆಯ ಚರ್ಮವೂ ಗಂಟಿನೊಡನೆ ಮೇಲೆದ್ದು ಕತ್ತರಿಗೆ ಸಿಕ್ಕುತ್ತದೆ. ಉಗುರಿನ ತುದಿಯನ್ನಷ್ಟೇ ತೆಗೆದು, ಒಳಗೆ ಕಾಣುವ ನಸುಗೆಂಪು ಭಾಗವನ್ನು ಮುಟ್ಟದಿರಬೇಕು. ದುಂಡಗೆ ಕೂದಲುದುರಿ ಹೊಪ್ಪಳೆಯೆದ್ದಿದ್ದರೆ ಅದು ಹುಳುಕಡ್ಡಿಯಿರಬಹುದು, ಮಕ್ಕಳಿಗೂ ಹತ್ತುವಂಥದು. ಕೊಸರಾಟದಲ್ಲಿ ಪರಚಿದರೆ ಅಥವಾ ಕಚ್ಚಿದರೆ, ಗಾಯವನ್ನು ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ರೇಬಿಸ್ ಚುಚ್ಚುಮದ್ದಿಗಾಗಿ ಆಸ್ಪತ್ರೆಗೆ ಹೋಗತಕ್ಕುದು.

ಮುಪ್ಪಿನ ಬೆಕ್ಕುಗಳ ಸ್ಥಿತಿ ನನಗೆ ಹೆಚ್ಚು ಮರುಕವನ್ನುಂಟುಮಾಡುತ್ತದೆ. ಕೀಲುಗಳು ಬಿಗಿದು, ಬೆನ್ನಿನ ಹಿಂಭಾಗಕ್ಕೆ ನಾಲಗೆ ಎಟುಕದೆ, ಅಲ್ಲಿಯ ಕೂದಲು ಜಡೆಗಟ್ಟುತ್ತದೆ. ಅಂಥವಕ್ಕೆ ಬೆಚ್ಚನೆಯ ಒದ್ದೆಬಟ್ಟೆಯಿಂದ ದಿನವೂ ಒರೆಸಿ ಬಾಚುವ ಕೈ ಬೇಕು. ಪ್ರಾಯದ ಬೆಕ್ಕೇ ನೆಕ್ಕಿಕೊಳ್ಳುವುದನ್ನು ಬಿಟ್ಟು ಮೂಲೆ ಹಿಡಿದರೆ, ಬಾಯಿಯ ಹುಣ್ಣೋ ಜ್ವರವೋ ಒಳಗಿನ ಬೇರಾವುದೋ ನೋವೋ ಇದ್ದೀತೆಂದು ತಿಳಿದು, ಗಾಳಿಯಾಡುವ ಬುಟ್ಟಿಯಲ್ಲಿಟ್ಟು, ಹಸುವಿಗಾಗಿ ಹೋಗುವ ಪಶು ಆಸ್ಪತ್ರೆಗೇ ಅಂದೇ ಒಯ್ಯಬೇಕು.