ಟೈರಿಗೂ ವಯಸ್ಸುಂಟು

1961ರಲ್ಲಿ ಬಂದ ಬ್ರಿಟನ್ನಿನ ಜಾಗ್ವಾರ್ ಇ-ಟೈಪ್ ಕ್ರೀಡಾ ಕಾರನ್ನು ಇಂದಿಗೂ ಜೋಪಾನ ಮಾಡಿದವರಿದ್ದಾರೆ. ಇಂಥ ಕಾರು ವರ್ಷದಲ್ಲಿ ಓಡುವುದೇ ಕೆಲವು ದಿನ. ಟೈರು ಸವೆಯದೆ ಹೊಸದರಂತೆ ಕಾಣುತ್ತದೆ. ಅಪಾಯವಿರುವುದು ಇಲ್ಲಿಯೇ. ಗಾಳಿಯ ಆಮ್ಲಜನಕ ಮತ್ತು ಓಜೋನ್ ರಬ್ಬರಿನ ಅಣುಸರಪಳಿಗಳೊಡನೆ ವರ್ತಿಸಿ, ನಿಂತ ಟೈರನ್ನೂ ಗಡಸುಗೊಳಿಸಿ ಬಿರುಕು ಮೂಡಿಸುತ್ತವೆ. ಗಡಸು ರಬ್ಬರಿಗೆ ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆ. ವೇಗದಲ್ಲಿ ಪದರ ಕಳಚಲೂಬಹುದು.

ವಯಸ್ಸನ್ನು ತಿಳಿಯುವುದು ಹೇಗೆ? 2000ದಿಂದೀಚಿನ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದರೆ 2019ರ 23ನೇ ವಾರದ ತಯಾರಿ. ಹತ್ತು ವರ್ಷ ದಾಟಿದ್ದರೆ ಬದಲಿಸುವುದೇ ಕ್ಷೇಮ. ಕೊಳ್ಳುವಾಗ ಅಳತೆಯ ಜೊತೆಗೆ ವೇಗಮಿತಿಯ ಅಕ್ಷರವನ್ನೂ ನೋಡಬೇಕು. ರೇಡಿಯಲ್ ಮತ್ತು ಹಳೆಯ ಕ್ರಾಸ್-ಪ್ಲೈ ಟೈರುಗಳನ್ನು ಬೆರೆಸಬಾರದು. ಟೈರು ತಣ್ಣಗಿರುವಾಗ ತಿಂಗಳಿಗೊಮ್ಮೆ ಗಾಳಿಯ ಒತ್ತಡ ಅಳೆಯಬೇಕು. ನಿಮ್ಮ ಮನೆಯ ಸ್ಕೂಟರಿನ ಟೈರಿನಲ್ಲೂ ಆ ಅಂಕಿಗಳನ್ನು ಹುಡುಕಿ ನೋಡಿ.