ಆತ್ಮರಕ್ಷಣೆಯ ರಿವಾಲ್ವರ್: ಆಯ್ಕೆಯೂ ಸೈಟ್ ಹೊಂದಾಣಿಕೆಯೂ

ಆತ್ಮರಕ್ಷಣೆಗೆ ರಿವಾಲ್ವರ್ ಅಥವಾ ಪಿಸ್ತೂಲು ಇಟ್ಟುಕೊಳ್ಳಬೇಕಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಚಿತ್ರದುರ್ಗದಂಥ ಜಿಲ್ಲೆಯಲ್ಲಿ ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ. ಅದರ ಮೇಲೆ ಪೊಲೀಸ್ ವರದಿ ಪಡೆದು ಅವರು ತೀರ್ಮಾನಿಸುತ್ತಾರೆ. 2016ರ ಶಸ್ತ್ರಾಸ್ತ್ರ ನಿಯಮಗಳು ಇದಕ್ಕೆ ಸುರಕ್ಷತಾ ತರಬೇತಿ ಮತ್ತು ಮನೆಯಲ್ಲಿ ಭದ್ರವಾಗಿ ಇಡುವ ವ್ಯವಸ್ಥೆಯನ್ನು ಸೇರಿಸಿವೆ. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆ, ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ.

ಕಾಯ್ದೆಯ 13ನೇ ಸೆಕ್ಷನ್ ಎಲ್ಲ ಬಂದೂಕುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ರಕ್ಷಣೆ ಅಥವಾ ಕ್ರೀಡೆಗೆ ಬಳಸುವ, ಕನಿಷ್ಠ 20 ಇಂಚು ನಳಿಗೆಯ ನುಣುಪು ನಳಿಗೆ ಬಂದೂಕಿಗೂ ಬೆಳೆ ಕಾಯಲು ಬಳಸುವ, ಬಾಯಿಂದ ಮದ್ದು ತುಂಬುವ ಬಂದೂಕಿಗೂ ಅದು ಹೆಚ್ಚು ಉದಾರವಾಗಿದೆ. ರಿವಾಲ್ವರ್, ಪಿಸ್ತೂಲು ಕೇಳುವವರು ಮಾತ್ರ ತಮಗೆ ಅದು ಬೇಕೆನ್ನಲು ಸರಿಯಾದ ಕಾರಣವಿದೆ ಎಂದು ಅಧಿಕಾರಿಗೆ ಮನವರಿಕೆ ಮಾಡಬೇಕು. ಚಿತ್ರದುರ್ಗ ಜಿಲ್ಲೆಯ ಬಿ.ಜಿ. ಕೆರೆಯ ಸುತ್ತಲಿನ ರೈತರಿಗೆ ಈ ವ್ಯತ್ಯಾಸ ಗೊತ್ತಿರಬೇಕು. ಚಳ್ಳಕೆರೆ-ಬಳ್ಳಾರಿ ಹೆದ್ದಾರಿಯ ಎರಡೂ ಬದಿಗೆ ಹರಡಿದ ಶೇಂಗಾ ಹೊಲಗಳಲ್ಲಿ, ಊರಿನಿಂದ ದೂರದ ತೋಟದ ಮನೆಗಳಲ್ಲಿ ಭಯ ಎರಡು ಬಗೆಯದು: ಬೆಳೆಗೆ ನುಗ್ಗುವ ಕಾಡುಹಂದಿ ಮತ್ತು ಗುಡ್ಡಗಳಿಂದ ಇಳಿಯುವ ಕರಡಿಯದು ಒಂದು, ಮನುಷ್ಯರದು ಇನ್ನೊಂದು. ಮೊದಲನೆಯದಕ್ಕೆ ರಿವಾಲ್ವರ್ ಉತ್ತರವೇ ಅಲ್ಲ. ನಾಗರಿಕರಿಗೆ ಸಿಗುವ .32 ಬೋರಿನ ಗುಂಡು ಕರಡಿಯನ್ನು ತಡೆಯುವಷ್ಟು ಬಲದ್ದಲ್ಲ; ಗಾಯಗೊಂಡ ಕರಡಿ ಮೊದಲಿಗಿಂತ ಅಪಾಯಕಾರಿ. ಕರಡಿ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದ ಸಂರಕ್ಷಿತ ಪ್ರಾಣಿಯೂ ಹೌದು. ಎರಡನೆಯ ಭಯ ನಿಜವಾಗಿದ್ದರೆ ಮಾತ್ರ ರಿವಾಲ್ವರಿನ ಮಾತು ಬರುತ್ತದೆ. ಆಗಲೂ ಕಾನೂನು ಒಪ್ಪುವುದು ರಕ್ಷಣೆಗೆ ಅಗತ್ಯವಿದ್ದಷ್ಟು ಬಲವನ್ನು ಮಾತ್ರ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಈ ಹಕ್ಕನ್ನೂ ಅದರ ಎಲ್ಲೆಗಳನ್ನೂ ಹೇಳುತ್ತವೆ. ಲೈಸೆನ್ಸ್‌ಗೆ ಅರ್ಜಿ ಬರೆಯುವ ಮುನ್ನ ಅವುಗಳನ್ನು ಓದಿಕೊಳ್ಳಬೇಕು.

ಬೋರಿನ ವಿಷಯದಲ್ಲಿ ಆಯ್ಕೆ ಕಡಿಮೆ. ಸೇನೆ ಮತ್ತು ಪೊಲೀಸರು ಬಳಸುವ 9 ಮಿ.ಮೀ. ಮತ್ತು .38 ಬೋರ್‌ಗಳು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಹೀಗಾಗಿ ಹೆಚ್ಚಿನವರ ಪಾಲಿಗೆ ಉಳಿಯುವುದು .32. ಈ ಹೆಸರಿನಲ್ಲೇ ಎರಡು ಬೇರೆ ತೋಟಾಗಳಿವೆ: ರಿವಾಲ್ವರಿಗೆ ಬಳಸುವ .32 ಸ್ಮಿತ್ ಅಂಡ್ ವೆಸನ್ ಲಾಂಗ್, ಪಿಸ್ತೂಲಿಗೆ ಬಳಸುವ .32 ಎಸಿಪಿ. ಒಂದರ ಬದಲಿಗೆ ಇನ್ನೊಂದನ್ನು ಬಳಸುವಂತಿಲ್ಲ. ನಾಗರಿಕರಿಗೆ ಮಾರಲು ವಿದೇಶಿ ಬಂದೂಕು ತರಿಸುವುದು 1980ರ ದಶಕದಿಂದ ಬಹುಮಟ್ಟಿಗೆ ನಿಂತುಹೋಗಿದೆ. ಆದ್ದರಿಂದಲೇ ಅಜ್ಜನ ಕಾಲದ ವೆಬ್ಲಿ, ಕೋಲ್ಟ್, ವಾಲ್ಥರ್‌ಗಳಿಗೆ ಇಂದೂ ಭಾರೀ ಬೆಲೆ. ಆ ಬೆಲೆ ವಿರಳತೆಗೆ ಸಲ್ಲುತ್ತದೆಯೇ ಹೊರತು ಗುಣಕ್ಕಲ್ಲ. ದಶಕಗಳ ಹಿಂದಿನ ಸ್ಪ್ರಿಂಗು, ಬಿಡಿಭಾಗ ಸಿಗದ ಯಂತ್ರ, ಸವೆದ ನಳಿಗೆ ಇರುವ ಬಂದೂಕನ್ನು ಪ್ರಾಣರಕ್ಷಣೆಗೆ ನಂಬುವುದು ಸರಿಯಲ್ಲ.

ದೇಶೀಯವಾಗಿ ಸಿಗುವ ರಿವಾಲ್ವರ್‌ಗಳಲ್ಲಿ ಬಹುಕಾಲದಿಂದ ಇರುವುದು ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ .32 ಮಾರ್ಕ್ 3. ಹಳೆಯ ವೆಬ್ಲಿಯ ವಿನ್ಯಾಸದಿಂದ ಬಂದದ್ದು; ನಳಿಗೆ ಮುಂದಕ್ಕೆ ಮಡಚಿಕೊಂಡರೆ ಆರು ತೋಟಾಗಳ ಸಿಲಿಂಡರ್ ತೆರೆದುಕೊಳ್ಳುತ್ತದೆ, ಖಾಲಿ ಕೇಸುಗಳು ಒಟ್ಟಿಗೇ ಹೊರಬರುತ್ತವೆ. ತೂಕ ಸುಮಾರು 700 ಗ್ರಾಂ. 2014ರ ಜನವರಿಯಲ್ಲಿ ಮಹಿಳೆಯರನ್ನು ಉದ್ದೇಶಿಸಿ ಹೊರತಂದ ‘ನಿರ್ಭೀಕ್’ ಟೈಟಾನಿಯಂ ಮಿಶ್ರಲೋಹದ್ದು, ಸುಮಾರು 500 ಗ್ರಾಂ. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಫ್ಯಾಕ್ಟರಿಗಳು ಏಳು ಕಂಪನಿಗಳಾದ ಮೇಲೆ ಅವುಗಳಲ್ಲೊಂದಾದ ಕಾನ್ಪುರದ ಎಡಬ್ಲ್ಯುಇಐಎಲ್ 2023ರಲ್ಲಿ ‘ಪ್ರಬಲ್’ ತಂದಿತು. ಅದರ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಪಿಸ್ತೂಲು ಬೇಕೆನ್ನುವವರಿಗೆ .32 ಎಸಿಪಿಯ ‘ಅಶನಿ’ ಇದೆ.

ಹಗುರವಾದದ್ದು ಒಳ್ಳೆಯದೆಂಬ ಎಣಿಕೆ ಅರ್ಧ ಮಾತ್ರ ನಿಜ. ಸೊಂಟಕ್ಕೆ ಹಗುರವಾದದ್ದು ಕೈಗೆ ಒರಟಾಗುತ್ತದೆ: ಅದೇ ತೋಟಾ 500 ಗ್ರಾಂ ಬಂದೂಕನ್ನು 700 ಗ್ರಾಮಿನದಕ್ಕಿಂತ ಜೋರಾಗಿ ಹಿಂದಕ್ಕೆ ಒದೆಯುತ್ತದೆ. ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಹಿಡಿ. ತೋರುಬೆರಳಿನ ಮೊದಲ ಗೆಣ್ಣಿನ ಭಾಗ ಟ್ರಿಗರಿಗೆ ನೇರವಾಗಿ ತಾಗಬೇಕು, ಬೆರಳು ಎಳೆಯುವಾಗ ಬಂದೂಕು ಹೊರಳಬಾರದು. ಆಮೇಲೆ ಟ್ರಿಗರಿನ ಭಾರ. ಡಬಲ್ ಆ್ಯಕ್ಷನ್ ರಿವಾಲ್ವರಿನ ಉದ್ದನೆಯ ಭಾರವಾದ ಎಳೆತ ವಯಸ್ಸಾದವರ ಕೈಗೆ ಹೆಚ್ಚೆನಿಸಬಹುದು. ಆದರೆ ಆಕಸ್ಮಿಕವಾಗಿ ಸಿಡಿಯದಂತೆ ಕಾಯುವುದೂ ಅದೇ ಭಾರ. ಪಿಸ್ತೂಲಿನಲ್ಲಿ ಎಳೆತ ಹಗುರ, ತೋಟಾ ಹೆಚ್ಚು. ಆದರೆ ಮ್ಯಾಗಜಿನ್, ಸೇಫ್ಟಿ, ಸ್ಲೈಡ್ ಎಂದು ನೆನಪಿಡಬೇಕಾದದ್ದೂ ಹೆಚ್ಚು. ತೋಟಾ ಸಿಡಿಯದಿದ್ದರೆ ರಿವಾಲ್ವರಿನಲ್ಲಿ ಟ್ರಿಗರನ್ನು ಮತ್ತೆ ಎಳೆದರಾಯಿತು. ಪಿಸ್ತೂಲಿನಲ್ಲಿ ಸ್ಲೈಡ್ ಎಳೆದು ಅಡಚಣೆ ತೆಗೆಯಬೇಕು. ಬೇಸಿಗೆಯ ದೂಳು ತುಂಬಿದ ಈ ಬಯಲು ಸೀಮೆಯಲ್ಲಿ, ವರ್ಷಕ್ಕೆ ಹೆಚ್ಚು ಅಭ್ಯಾಸ ಮಾಡಲಾಗದವರಿಗೆ ಉಕ್ಕಿನ ಮಧ್ಯಮ ತೂಕದ ರಿವಾಲ್ವರ್ ವಾಸಿ.

ಇನ್ನು ಸೈಟ್. ನಳಿಗೆಯ ತುದಿಯ ಮೇಲಿನ ಪುಟ್ಟ ಅಲಗು ಮುಂದಿನ ಸೈಟ್. ಕಣ್ಣಿಗೆ ಹತ್ತಿರದ ಕಚ್ಚು ಹಿಂದಿನ ಸೈಟ್. ಅಲಗು ಕಚ್ಚಿನ ನಡುವೆ ಬರಬೇಕು, ಎರಡೂ ಬದಿಗೆ ಬೆಳಕಿನ ಗೆರೆ ಸಮ ಇರಬೇಕು, ಎರಡರ ಮೇಲ್ತುದಿ ಒಂದೇ ಮಟ್ಟದಲ್ಲಿರಬೇಕು. ಕಣ್ಣು ಒಂದೇ ಸಲ ಮೂರು ದೂರಗಳನ್ನು ಸ್ಪಷ್ಟವಾಗಿ ಕಾಣಲಾರದು. ದೃಷ್ಟಿ ನಿಲ್ಲಬೇಕಾದದ್ದು ಮುಂದಿನ ಅಲಗಿನ ಮೇಲೆ, ಗುರಿಯೂ ಹಿಂದಿನ ಕಚ್ಚೂ ಸ್ವಲ್ಪ ಮಸುಕಾದರೆ ಚಿಂತೆಯಿಲ್ಲ. ನಲವತ್ತು ದಾಟಿದವರಿಗೆ ಅಲಗೇ ಮಸುಕಾಗುತ್ತದೆ. ಆಗ ಬೇಕಾದದ್ದು ಹೊಸ ಸೈಟೋ ಹೊಸ ಕನ್ನಡಕವೋ ಎಂದು ಮೊದಲು ಕಣ್ಣಿನ ವೈದ್ಯರನ್ನು ಕೇಳುವುದು ಲೇಸು.

ಆತ್ಮರಕ್ಷಣೆಯ ಬಂದೂಕುಗಳಲ್ಲಿ ಹೆಚ್ಚಿನವಕ್ಕೆ ಇರುವುದು ಸ್ಥಿರ ಸೈಟ್. ಸ್ಕ್ರೂ ತಿರುಗಿಸಿ ಹೊಂದಿಸುವ ಸೈಟ್ ಸ್ಪರ್ಧೆಯ ಬಂದೂಕಿಗೆ ಸೊಗಸು. ಸೊಂಟದಲ್ಲಿ ತಿರುಗುವ ಬಂದೂಕಿನಲ್ಲಿ ಅದು ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಬಿದ್ದರೆ ಬಾಗುತ್ತದೆ. ವೆಬ್ಲಿ ಬಗೆಯ ಮಡಚುವ ರಿವಾಲ್ವರಿನಲ್ಲಿ ಹಿಂದಿನ ಕಚ್ಚು ಇರುವುದು ನಳಿಗೆಯನ್ನು ಬಿಗಿಯುವ ಕೊಂಡಿಯ ಮೇಲೆ. ಕೊಂಡಿ ಸವೆದು ಅಲ್ಲಾಡಿದರೆ ಸೈಟೂ ಅಲ್ಲಾಡುತ್ತದೆ, ಗುಂಡು ಒಮ್ಮೆ ಅಲ್ಲಿ ಒಮ್ಮೆ ಇಲ್ಲಿ ಬೀಳುತ್ತದೆ. ಅಲ್ಲಿ ಸರಿಪಡಿಸಬೇಕಾದದ್ದು ಕೊಂಡಿಯನ್ನು. ಸೈಟನ್ನು ಎಷ್ಟು ತಿದ್ದಿದರೂ ಫಲವಿಲ್ಲ. ಹಳೆಯ ರಿವಾಲ್ವರ್ ಕೊಳ್ಳುವವರು ಎಲ್ಲಕ್ಕಿಂತ ಮೊದಲು ಖಾಲಿ ಬಂದೂಕಿನ ಈ ಬಿಗಿತ ನೋಡಬೇಕು.

ಗುಂಡು ಗುರಿಗೆ ಬೀಳದಿದ್ದರೆ ಬಹಳ ಸಲ ತಪ್ಪು ಸೈಟಿನದಲ್ಲ. ಬಲಗೈಯವರು ಟ್ರಿಗರನ್ನು ಜಗ್ಗಿದರೆ ಗುಂಡು ಕೆಳಗೆ ಎಡಕ್ಕೆ ಹೋಗುತ್ತದೆ. ಇದನ್ನು ಕಂಡುಹಿಡಿಯುವ ದಾರಿ ಸುಲಭ: ರೇಂಜಿನಲ್ಲಿ ಬೋಧಕರು ಸಿಲಿಂಡರಿನ ಕೆಲವು ಕೋಣೆಗಳಲ್ಲಿ ಖಾಲಿ ಕೇಸುಗಳನ್ನು ಬೆರೆಸಿ ಕೊಡುತ್ತಾರೆ, ಖಾಲಿ ಕೇಸಿನ ಮೇಲೆ ಬಂದೂಕಿನ ಕುದುರೆ (ಹ್ಯಾಮರ್) ಬಿದ್ದಾಗ ನಳಿಗೆ ಕುಸಿದರೆ ದೋಷ ಕೈಯದು. ಪರೀಕ್ಷೆ ನಡೆಯಬೇಕಾದದ್ದು ಅನುಮತಿ ಪಡೆದ ಶೂಟಿಂಗ್ ರೇಂಜಿನಲ್ಲಿ; ಹೊಲದ ಬದು ಅದಕ್ಕೆ ಜಾಗವಲ್ಲ. ಕೈಗೆ ಆಸರೆ ಕೊಟ್ಟು, ರಕ್ಷಣೆಗೆ ಬಳಸಲಿರುವ ತೋಟಾದಿಂದಲೇ, 10 ಮೀಟರ್ ದೂರಕ್ಕೆ ಐದೈದು ಗುಂಡಿನ ಎರಡು ಮೂರು ಗುಂಪು ಹೊಡೆಯಬೇಕು. ಗುಂಪು ಚದುರಿದ್ದರೆ ಸೈಟ್ ಮುಟ್ಟಬಾರದು. ಗುಂಪು ಬಿಗಿಯಾಗಿ, ಪ್ರತಿ ಸಲವೂ ಅದೇ ಕಡೆ ಸರಿದು ಬಿದ್ದರೆ ಮಾತ್ರ ಸೈಟಿನ ಕೆಲಸ. ತೋಟಾ ಬದಲಾದರೂ ಬೀಳುವ ಜಾಗ ಬದಲಾಗುತ್ತದೆ: ಹತ್ತಿರದ ದೂರದಲ್ಲಿ ಭಾರದ ನಿಧಾನ ಗುಂಡು ಸಾಮಾನ್ಯವಾಗಿ ಮೇಲೆ ಬೀಳುತ್ತದೆ, ಅದು ನಳಿಗೆ ಬಿಡುವಷ್ಟರಲ್ಲಿ ನಳಿಗೆಯೇ ಹೆಚ್ಚು ಎದ್ದಿರುತ್ತದೆ.

ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ಕಡೆಗೇ ಸರಿಸಬೇಕು. ಮುಂದಿನದನ್ನು ಅದಕ್ಕೆ ವಿರುದ್ಧ ದಿಕ್ಕಿಗೆ. ಗುಂಡು ಕೆಳಗೆ ಬೀಳುತ್ತಿದ್ದರೆ ಮುಂದಿನ ಅಲಗು ಗಿಡ್ಡವಾಗಬೇಕು. ಮೇಲೆ ಬೀಳುತ್ತಿದ್ದರೆ ಎತ್ತರವಾಗಬೇಕು. ಎಷ್ಟು ಎಂಬುದಕ್ಕೆ ಲೆಕ್ಕವಿದೆ: ಎರಡು ಸೈಟ್‌ಗಳ ನಡುವಿನ ಅಂತರವನ್ನು ಗುರಿ ತಪ್ಪಿದ ಅಳತೆಯಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಬೇಕು. ಸೈಟ್‌ಗಳ ಅಂತರ 120 ಮಿ.ಮೀ., ಗುಂಪು 10 ಮೀಟರಿಗೆ 50 ಮಿ.ಮೀ. ಕೆಳಗೆ ಎಂದಿಟ್ಟುಕೊಂಡರೆ ಅಲಗಿನಿಂದ ಹೋಗಬೇಕಾದದ್ದು 0.6 ಮಿ.ಮೀ. ಮಾತ್ರ. ಅರದಿಂದ ಉಜ್ಜಿದ ಲೋಹ ಮತ್ತೆ ಸೇರದು. ಅದಕ್ಕೇ ಕೆಲಸ ತಿಳಿದವರು ಅರ್ಧದಷ್ಟು ಉಜ್ಜಿ, ಮತ್ತೆ ಹೊಡೆದು ನೋಡಿ ಮುಂದುವರಿಯುತ್ತಾರೆ. ಪಿಸ್ತೂಲುಗಳಲ್ಲಿ ಹಿಂದಿನ ಸೈಟ್ ಅಡ್ಡಲಾಗಿ ಕೊರೆದ ಸೀಳಿನಲ್ಲಿ ಕೂತಿದ್ದರೆ ಅದನ್ನು ಸೈಟ್ ತಳ್ಳುವ ಉಪಕರಣದಿಂದ, ಇಲ್ಲವೆ ಹಿತ್ತಾಳೆಯ ಪಂಚಿನಿಂದ ಸರಿಸುತ್ತಾರೆ. ಉಕ್ಕಿನ ಪಂಚು ಗಾಯ ಮಾಡುತ್ತದೆ.

ಸೈಟ್ ಪೂರ್ತಿ ಬದಲಿಸುವುದು ಎರಡು ಕಾರಣಕ್ಕೆ: ಹಳೆಯದು ಬಾಗಿದ್ದರೆ ಅಥವಾ ಕತ್ತಲಲ್ಲಿ ಕಾಣದಿದ್ದರೆ. ಟ್ರಿಟಿಯಂ ಸೈಟ್‌ಗಳು ಬ್ಯಾಟರಿಯಿಲ್ಲದೆ ತಾವೇ ಹೊಳೆಯುತ್ತವೆ. ಟ್ರಿಟಿಯಮಿನ ಅರ್ಧಾಯುಷ್ಯ 12.3 ವರ್ಷ, ಅಷ್ಟರಲ್ಲಿ ಬೆಳಕು ಅರ್ಧಕ್ಕಿಳಿಯುತ್ತದೆ. ಫೈಬರ್ ಸೈಟ್ ಹಗಲಿನಲ್ಲಿ ಮಾತ್ರ ಹೊಳೆಯುತ್ತದೆ. ಕೆಂಪು ಚುಕ್ಕೆಯ ವಿದ್ಯುತ್ ಸೈಟ್‌ಗೆ ಸ್ಲೈಡಿನಲ್ಲಿ ಕತ್ತರಿಸಿದ ಜಾಗ ಬೇಕು; .32ರ ದೇಶೀಯ ಬಂದೂಕುಗಳಿಗೆ ಅದು ಒಗ್ಗುವುದಿಲ್ಲ. ಈ ಸೀಮೆಯ ಮಧ್ಯಾಹ್ನದ ಬಿಸಿಲಿಗೆ ಉಕ್ಕಿನ ಅಲಗು ಮಿಂಚಿ ಕಣ್ಣು ತಪ್ಪಿಸಿದರೆ ಬದಲಿಸುವ ಅಗತ್ಯವೇ ಇಲ್ಲ: ರೇಂಜಿನಲ್ಲಿ ಕರ್ಪೂರದ ಮಸಿ ಹಿಡಿಸಿದರೂ ಸಾಕು, ಮಬ್ಬು ಕಪ್ಪು ಬಣ್ಣ ಹಾಕಿಸಿದರೆ ಅದು ಉಳಿಯುತ್ತದೆ. ರಾತ್ರಿಗಾಗಿ ಅಲಗಿನ ಹಿಂಬದಿಗೆ ಬಿಳಿ ಚುಕ್ಕೆ ಇಡುವುದು ಅಗ್ಗದ, ಒಳ್ಳೆಯ ಉಪಾಯ. ಆದರೆ ಎದುರಿಗಿರುವವರು ಯಾರೆಂದು ತಿಳಿಸಬಲ್ಲದ್ದು ಟಾರ್ಚ್ ಮಾತ್ರ.

ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ದುರಸ್ತಿಯ ಕಸುಬಿಗೂ ಲೈಸೆನ್ಸ್ ಬೇಕು. ಆದ್ದರಿಂದ ಈ ಕೆಲಸ ಊರಿನ ಕುಲುಮೆಯದೂ ಅಲ್ಲ, ಲೇಥ್ ಅಂಗಡಿಯದೂ ಅಲ್ಲ. ಲೈಸೆನ್ಸ್ ಇರುವ ಆರ್ಮ್ಸ್ ಡೀಲರ್ ಅಥವಾ ದುರಸ್ತಿಗಾರರದು. ಬಂದೂಕಿನ ಮೇಲಿನ ಸಂಖ್ಯೆಗೆ ಅರ ತಾಗಿದರೆ ಅದೇ ಬೇರೆ ಅಪರಾಧ. ದುರಸ್ತಿಗೆ ಕೊಡುವ ಮುನ್ನ ಸಿಲಿಂಡರ್ ಖಾಲಿ ಇದೆಯೆಂದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ದಾರಿಯಲ್ಲಿ ಬಂದೂಕು ಹೋಲ್‌ಸ್ಟರಿನಲ್ಲಿ ಪೂರ್ತಿ ಮುಚ್ಚಿರಬೇಕು, ಲೈಸೆನ್ಸ್ ಜೊತೆಗಿರಬೇಕು. ಕೆಲಸ ಮುಗಿದು ಬಂದ ಮೇಲೆ ಸೈಟ್ ಮತ್ತು ಬಂದೂಕಿನ ದೇಹದ ಮೇಲೆ ಒಂದೇ ನೇರಕ್ಕೆ ಸಣ್ಣ ಗೆರೆ ಗುರುತು ಹಾಕಿಸಿದರೆ, ಮುಂದೆ ಸೈಟ್ ಸರಿದರೆ ನೋಡಿದೊಡನೆ ತಿಳಿಯುತ್ತದೆ. ಅದೇ ತೋಟಾದಿಂದ, ಅದೇ 10 ಮೀಟರಿಗೆ ಮತ್ತೊಂದು ಗುಂಪು ಹೊಡೆದು, ಅದು ಬಿದ್ದ ಜಾಗವನ್ನು ತೋಟಾದ ಹೆಸರಿನ ಜೊತೆ ಬರೆದಿಟ್ಟುಕೊಂಡ ಮೇಲೆಯೇ ಬಂದೂಕು ಮನೆಯ ಲಾಕರಿಗೆ ಹೋಗಬೇಕು.